ನೆಟ್ಟಗಿನ ಗೆರೆ

ತಲೆಯೊಳಗನ್ನು ನೋಡಲು ಸ್ಕ್ಯಾನಿಂಗ್ ಇನ್ನೂ ಬಂದಿರದ ಕಾಲ. ತುಂಗಭದ್ರೆಯ ದಡದಲ್ಲಿದ್ದ ಒಂದು ಮಠದ ಆಸ್ಪತ್ರೆಯಲ್ಲಿ ಅನಸೂಯಾ ಎಂಬ ತರುಣ ವೈದ್ಯೆ, ಹಂಪಣ್ಣ ಡಾಕ್ಟರ ಹತ್ತಿರ ಎಕ್ಸ್‌ರೇ ಓದುವುದನ್ನು ಕಲಿಯುತ್ತಿದ್ದಳು.

ಕುತ್ತಿಗೆಯ ರಕ್ತನಾಳಕ್ಕೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರೆ ತಲೆಯೊಳಗಿನ ನಾಳಗಳು ಫಿಲ್ಮಿನ ಮೇಲೆ ಮೂಡುತ್ತವೆ. ಕಿವಿಯ ನರದಲ್ಲಿ ಬೆಳೆದ ಗಡ್ಡೆ ಕಾಣುವುದು ಅಪರೂಪ. ಅದು ಪಕ್ಕಕ್ಕೆ ತಳ್ಳಿದ ನಾಳ ಕಾಣುತ್ತದೆ. ಆ ಬಾಗು ನೋಡಿಯೇ ಗಡ್ಡೆ ಇದೆಯೆಂದು ತಿಳಿಯಬೇಕು.

ಅದಕ್ಕೇ ಹಂಪಣ್ಣನವರದೊಂದು ಪದ್ಧತಿ. ಫಿಲ್ಮ್ ನೋಡಿ ಮೊದಲು ನಾಳಗಳನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಕು, ಆಮೇಲೆ ಬಾಯಿ ಬಿಡಬೇಕು. ಕಲಿಯಲು ಬಂದವರೆಲ್ಲ ಮೂಗು ಮುರಿಯುತ್ತಿದ್ದರು. ಅನಸೂಯಾ ಮುರಿಯಲಿಲ್ಲ. ಅವಳ ಕೈ ಚೆನ್ನಾಗಿತ್ತು, ಅದು ಅವಳಿಗೂ ಗೊತ್ತಿತ್ತು.

ಮಠದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಾವಂತ್ರೆವ್ವ ಎಡಗಿವಿ ಕೇಳುತ್ತಿಲ್ಲವೆಂದು ಬಂದಾಗ ಹಂಪಣ್ಣನವರು ಊರಲ್ಲಿರಲಿಲ್ಲ. ಅನಸೂಯಾ ಫಿಲ್ಮ್ ತೆಗೆಸಿ, ನಾಳಗಳ ಚಂದದ ಚಿತ್ರ ಬರೆದು, ಕೆಳಗೆ ‘ಏನೂ ಇಲ್ಲ’ ಎಂದು ಷರಾ ಹಾಕಿದಳು. “ವಯಸ್ಸಾತಲ್ರೀ ಸಾವಂತ್ರೆವ್ವಾರ” ಎಂದು ನಕ್ಕು ಕಳಿಸಿದಳು.

ಐದು ತಿಂಗಳಿಗೆ ಸಾವಂತ್ರೆವ್ವ ತೂರಾಡುತ್ತಾ ಬಂದಳು. ಮುಖದ ಎಡಭಾಗ ಜೋತುಬಿದ್ದಿತ್ತು. ಕುಡಿದ ನೀರು ಆ ಕಡೆಯಿಂದ ಸೋರುತ್ತಿತ್ತು.

ಅನಸೂಯಾ ಹಳೆಯ ಫಿಲ್ಮ್ ಹುಡುಕಿ ಬೆಳಕಿಗೆ ಹಿಡಿದಳು. ನಾಳ ಬಾಗಿತ್ತು. ಅವಳ ಚಿತ್ರದಲ್ಲಿ ಮಾತ್ರ ಪುಸ್ತಕದಲ್ಲಿದ್ದ ಹಾಗೆ ನೆಟ್ಟಗಿತ್ತು. ದಿನಾ ಆ ಹೆಂಗಸಿನ ಕೈಯ ರೊಟ್ಟಿ ತಿಂದೆನಲ್ಲ ಎಂದು ನೆನೆದು ನಾಚಿಕೆಯಿಂದ ಕುಗ್ಗಿಹೋದಳು.

ಎರಡನ್ನೂ ಒಯ್ದು ಗುರುವಿನ ಮುಂದಿಟ್ಟಳು.

“ಬರಿಯೋವಾಗ ಫಿಲ್ಮ್ ಎಲ್ಲಿತ್ತು?” ಹಂಪಣ್ಣನವರು ಕೇಳಿದರು.

“ಎದುರಿಗೇ ಇತ್ರಿ ಸರ್.”

“ಕಣ್ಣು?”

“ಕಾಗದದ ಮ್ಯಾಲೆ. ಪುಸ್ತಕದಾಗಿನ ಚಿತ್ರ ನೂರು ಸಲ ಬರದಿದ್ದೆ. ಕೈ ತಾನಾಗೇ ಹೋತು.”

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಗುರುವಾರ ಆಪರೇಶನ್. ಆಕಿಗೆ ಈ ತಪ್ಪು ಯಾರು ಹೇಳ್ತಾರ?”

“ನೀವ ಹೇಳ್ರಿ ಸರ್. ನನಗ ಅವರ ಮಾರಿ ನೋಡಾಕ ಆಗೂದಿಲ್ಲ.”

ಹಂಪಣ್ಣನವರು ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟರು.

“ಹೋಗು. ಆಕಿ ಮಾರಿ ಬರಕೊಂಡು ಬಾ.”

ಸಾವಂತ್ರೆವ್ವನ ಮಂಚದ ಬಲಬದಿ ಗೋಡೆಗೆ ಹತ್ತಿಕೊಂಡಿತ್ತು. ಅನಸೂಯಾ ಸ್ಟೂಲ್ ಎಳೆದುಕೊಂಡು ಎಡಕ್ಕೆ ಕೂತಳು. ಅದು ಕೇಳದ ಕಿವಿ. ಏನು ಹೇಳಿದರೂ ಜೋರಾಗಿಯೇ ಹೇಳಬೇಕು.

ಮೊದಲ ಗೆರೆ ಸರಿಯಾದ ಬಾಯಿಯನ್ನೇ ಬರೆಯಿತು. ಅಳಿಸಿದಳು. ನೋಡಿ ಬರೆದಳು.

“ಏನ ಬರಿಯಾಕತ್ತೀರಿ ಡಾಕ್ಟರವ್ವಾ?”

“ನಿಮ್ಮ ಮಾರಿ.”

“ಅಯ್ಯ, ಬಾಯಿ ಸೊಟ್ಟ ಆಗೇತಲ್ಲ! ನೆಟ್ಟಗ ಬರೀರಿ.”

ಅನಸೂಯಾಳ ಕೈ ನಿಂತಿತು. ಕಣ್ಣು ತುಂಬಿ ಬಂತು.

“ಅವತ್ತ ನಾಳ ನೆಟ್ಟಗ ಬರದದ್ದಕ್ಕ ನಿಮಗ ಹಿಂಗಾಗೇತ್ರಿ. ತಲಿಯೊಳಗ ಗಡ್ಡಿ ಐತಿ ಅಂತ ಫಿಲ್ಮ್ ತೋರಸ್ತಿತ್ತು. ನಾ ನೋಡಲಿಲ್ಲ.”

ವಾರ್ಡಿಗೆಲ್ಲ ಕೇಳಿಸಿತು. ಪಕ್ಕದ ಮಂಚದವಳು ಎದ್ದು ಕೂತಳು.

ಸಾವಂತ್ರೆವ್ವ ಜೋತುಬಿದ್ದ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ಕೇಳಿದಳು, “ಅವತ್ತ ಗೊತ್ತಾಗಿದ್ರ ಬಾಯಿ ಉಳೀತಿತ್ತೇನು?”

“ಉಳೀಬಹುದಿತ್ತು.”

ಸಾವಂತ್ರೆವ್ವ ಗೋಡೆಯ ಕಡೆ ಹೊರಳಿ ಮಲಗಿದಳು.

ಅನಸೂಯಾ ತಲೆ ತಗ್ಗಿಸಿಕೊಂಡು ಬಂದು, ಅರ್ಧ ಮುಖವಿದ್ದ ಹಾಳೆಯನ್ನು ಗುರುವಿನ ಮೇಜಿನ ಮೇಲಿಟ್ಟಳು.

“ಎಲ್ಲಾ ಹೇಳಿದೆ ಸರ್. ಅವರು ಗ್ವಾಡಿ ಕಡೆ ಹೊಳ್ಳಿಬಿಟ್ರು.”

ಹಂಪಣ್ಣನವರು ಹಾಳೆ ನೋಡಲಿಲ್ಲ, ಅವಳನ್ನೇ ನೋಡಿದರು.

“ಆಕಿ ಹೊಳ್ಳಿದ್ಲು, ಸರಿ. ನೀ ಯಾಕ ಎದ್ದು ಬಂದಿ?”