ಬೆಟ್ಟದ ಚರ್ಚಿನ ಕಿಟಕಿ

ಇಥಿಯೋಪಿಯಾದ ಕಡಿದಾದ ಬೆಟ್ಟವೊಂದರ ನಡುಮೈಯಲ್ಲಿ ಬೆರಾಕಿ ಎಂಬ ಸನ್ಯಾಸಿ ಚರ್ಚು ಕೊರೆಯುತ್ತಿದ್ದರು. ಕಟ್ಟುವುದಲ್ಲ, ಕೊರೆಯುವುದು. ಕಂಬ, ಕಮಾನು, ಗೋಡೆ ಎಲ್ಲವೂ ಒಂದೇ ಬಂಡೆ. ಬೇಡದ ಕಲ್ಲನ್ನು ತೆಗೆದ ಮೇಲೆ ಉಳಿದದ್ದೇ ಚರ್ಚು.

ಜನ ಅವರನ್ನು ಅಬ್ಬಾ ಎನ್ನುತ್ತಿದ್ದರು. ಆ ಸೀಮೆಯಲ್ಲಿ ಹಾಗೆಂದರೆ ಅಪ್ಪ.

ಅವರಿಗೆ ಇಬ್ಬರು ಶಿಷ್ಯರು. ಕಿರಿಯ ಮೆಹಾರಿಗೆ ಗರ್ಭಗುಡಿಯ ಚಾವಣಿ ಒಪ್ಪಿಸಿದರು. ಅಲ್ಲಿ ದೇವದೂತರನ್ನು ಕೆತ್ತಬೇಕು. ಹಿರಿಯ ಕಿಫ್ಲೆಗೆ ಸಿಕ್ಕಿದ್ದು ಎದುರಿನ ಕಿಟಕಿ.

"ಅಬ್ಬಾ, ಮೊದಲು ಬಂದವನು ನಾನು. ಅವನಿಗೆ ದೇವದೂತರು, ನನಗೆ ಒಂದು ತೂತೇ?"

"ತೂತಲ್ಲ, ಕಿಟಕಿ."

"ಕಿಟಕಿಯಲ್ಲಿ ಕೆತ್ತುವುದಕ್ಕೆ ಏನಿದೆ?"

"ಏನೂ ಇಲ್ಲ," ಎಂದರು ಗುರು. "ಅಡ್ಡ ಇರುವುದನ್ನು ತೆಗೆದರೆ ಸಾಕು."

ಕಿಫ್ಲೆ ಹಗ್ಗಕ್ಕೆ ಜೋತುಬಿದ್ದು ಹೊರಗಿನಿಂದ ಕೊರೆಯತೊಡಗಿದ. ಕಾಲ ಕೆಳಗೆ ಪಾತಾಳ. ಗಾಳಿ ಬೀಸಿದರೆ ಬಂಡೆಗೆ ಮೈ ತರಚುತ್ತಿತ್ತು.

ಬುತ್ತಿ ಹೊತ್ತು ಬೆಟ್ಟ ಹತ್ತಿದವರು ನೇರ ಒಳಗೆ ಹೋಗುತ್ತಿದ್ದರು. ದೀಪ ಎತ್ತಿ ಹಿಡಿದು ಚಾವಣಿ ನೋಡುತ್ತಿದ್ದರು.

"ಎಂಥ ಕೈಯಪ್ಪಾ ಈ ಹುಡುಗನದು!"

ಆ ಮಾತು ಹೊರಗಿದ್ದ ಕಿಫ್ಲೆಗೆ ಕೇಳುತ್ತಿತ್ತು. ಹಗ್ಗದಲ್ಲಿ ತೂಗುತ್ತಿದ್ದ ಅವನನ್ನು ಯಾರೂ ತಲೆಯೆತ್ತಿ ನೋಡಲಿಲ್ಲ. ಅವನಿಗೆ ಅನ್ನ ಸೇರದಾಯಿತು. ಮೆಹಾರಿಯ ಉಳಿಯ ಸದ್ದು ನಿದ್ದೆಯಲ್ಲೂ ಕಿವಿಗೆ ಹೊಡೆಯುತ್ತಿತ್ತು.

ಅವನು ಕಿಟಕಿಯನ್ನು ಹೊರಗೆ ಅಗಲವಾಗಿ, ಅಂದವಾಗಿ ಬಿಡಿಸಿದ. ಒಳಗೆ ಹೋಗುತ್ತಾ ಹೋಗುತ್ತಾ ಕಿರಿದು ಮಾಡಿದ, ಕೆಳಕ್ಕೆ ವಾಲಿಸಿದ. ಬೆಳಕು ನೆಲದ ಮೇಲೆ ಬಿತ್ತು. ಚಾವಣಿ ಕತ್ತಲಲ್ಲೇ ಉಳಿಯಿತು.

ಗುರು ಬಂದು ನೋಡಿದರು. ವಾಲಿದ ಅಂಚನ್ನು ಕೈಯಿಂದ ಸವರಿ ಹೊರಟುಹೋದರು.

ಮೆಹಾರಿ ಮಬ್ಬುದೀಪದಲ್ಲೇ ಕೆಲಸ ಮುಂದುವರಿಸಿದ. ಒಂದು ದಿನ ಒಳಗಿನಿಂದ ಚೀರಾಟ ಕೇಳಿಸಿತು. ಗುರಿ ತಪ್ಪಿದ ಸುತ್ತಿಗೆ ಅವನ ಎಡಗೈ ಬೆರಳುಗಳನ್ನು ಜಜ್ಜಿತ್ತು.

ಗುರು ಗಾಯ ತೊಳೆದು ಬಟ್ಟೆ ಕಟ್ಟಿದರು. ರಕ್ತ ಮೆತ್ತಿದ ಉಳಿಯನ್ನು ಕಿಫ್ಲೆಯ ಕೈಗಿಟ್ಟರು.

"ಚಾವಣಿ ಇನ್ನು ನಿನ್ನದು."

ಬಯಸಿದ್ದು ಸಿಕ್ಕಿತ್ತು. ಕಿಫ್ಲೆ ಅಟ್ಟಣೆ ಹತ್ತಿದ. ಎಲ್ಲಿ ಉಳಿ ಇಡಬೇಕೋ ಕಾಣಲಿಲ್ಲ. ಕೈಯಿಂದ ತಡವಿದ. ಬೆರಳಿಗೆ ರೆಕ್ಕೆಯೊಂದು ಸಿಕ್ಕಿತು, ಆಮೇಲೆ ಒಂದು ಪುಟ್ಟ ಕೆನ್ನೆ. ಅವನು ಉಳಿಯನ್ನು ಅಲ್ಲೇ ಇಟ್ಟ.

ಕೆಳಗಿಳಿದು ಮೆಹಾರಿಯ ಎದುರು ಕುಳಿತ.

"ಬೆಳಕು ಬಾರದಂತೆ ಮಾಡಿದ್ದು ನಾನೇ ಕಣೋ."

ಮೆಹಾರಿ ಬಟ್ಟೆ ಕಟ್ಟಿದ ಕೈಯನ್ನು ಮುಂದಕ್ಕೆ ಚಾಚಿದ.

"ಹಾಗಾದರೆ ಈ ಬೆರಳುಗಳೂ ನಿನ್ನದೇ ಕೆತ್ತನೆ," ಎಂದು ಮುಖ ತಿರುಗಿಸಿದ.

ಕಿಫ್ಲೆ ಗುರುವಿನ ಕಾಲು ಹಿಡಿದ. "ಅಬ್ಬಾ, ನಿಮಗೆ ಗೊತ್ತಿತ್ತು. ನನ್ನನ್ನು ಏಕೆ ತಡೆಯಲಿಲ್ಲ?"

"ನೀನೇ ನಾಚಿಕೊಂಡು ಸರಿಮಾಡುತ್ತೀಯ ಎಂದು ಕಾದೆ. ಕಾದದ್ದು ತಪ್ಪಾಯಿತು. ಅವನ ಕೈಗೆ ನಾನೂ ಹೊಣೆ."

"ಈಗ ಏನು ಮಾಡಲಿ?"

"ತೆಗೆದ ಕಲ್ಲನ್ನು ಮತ್ತೆ ಹಚ್ಚಲಾಗದು. ಆದರೆ ನಿನ್ನ ಹೊಟ್ಟೆಕಿಚ್ಚು ತೆಗೆಯಬೇಕಾದ ಕಲ್ಲನ್ನೇ ಕಿಟಕಿಯಲ್ಲಿ ಉಳಿಸಿದೆ. ಹೋಗಿ ತೆಗೆ."

ಕಿಫ್ಲೆ ಮತ್ತೆ ಹಗ್ಗಕ್ಕೆ ಜೋತುಬಿದ್ದ. ಕಿಟಕಿಯ ಒಳಬಾಯನ್ನು ಕೊರೆದ. ಮೊದಮೊದಲು ಮೆಹಾರಿ ಆ ಕಡೆ ಸುಳಿಯಲಿಲ್ಲ. ಆಮೇಲೊಂದು ಬೆಳಿಗ್ಗೆ ಬಂದು ಚಾವಣಿಯ ಕೆಳಗೆ ನಿಂತ.

"ಇನ್ನೂ ಮೇಲಕ್ಕೆ," ಎಂದ, ಒಣ ದನಿಯಲ್ಲಿ. "ಎಡಕ್ಕೆ."

ಚಕ್ಕೆಯೊಂದು ಸಿಡಿದು ಒಳಗೆ ಬಿತ್ತು. ಹಿಂದೆಯೇ ಬಿಸಿಲು ನುಗ್ಗಿತು.

ಕಿಫ್ಲೆ ಕಿಟಕಿಯೊಳಗೆ ತಲೆ ತೂರಿಸಿ ನೋಡಿದ. ಚಾವಣಿಯ ತುಂಬ ರೆಕ್ಕೆಗಳು. ಅರ್ಧ ಬಿಡಿಸಿದ ಮುಖಗಳು ಕಲ್ಲಿನಿಂದ ಈಗಷ್ಟೇ ಎಚ್ಚರಗೊಂಡಂತೆ ಬಗ್ಗಿ ನೋಡುತ್ತಿದ್ದವು. ಅಂಥದ್ದು ತನ್ನ ಕೈಯಲ್ಲಿ ಎಂದೂ ಆಗದು. ಅದು ಅವನಿಗೆ ಆ ಕ್ಷಣವೇ ತಿಳಿಯಿತು.

ಅವನ ಕಣ್ಣು ತುಂಬಿತು. ಗುರು ಬಂದು ಮೆಹಾರಿಯ ಪಕ್ಕ ನಿಂತಿದ್ದರು.

"ಅಬ್ಬಾ," ಎಂದು ಕಿಟಕಿಯಿಂದಲೇ ಕೂಗಿದ, "ಈಗಲೂ ನನಗೆ ಹೊಟ್ಟೆ ಉರಿಯುತ್ತಿದೆ."

"ಉರಿಯಲಿ," ಎಂದರು ಗುರು. "ಇನ್ನೊಂದು ಗೇಣು ಅಗಲ ಮಾಡು."