ನೀರುಗಂಟಿ ಕಾದಿಟ್ಟ ಹಣ

“ಬುದ್ಧಿ, ಮುಪ್ಪಿಗೆಂದು ಕೂಡಿಟ್ಟ ಹಣವನ್ನು ಎಂಥ ಫಂಡಿನಲ್ಲಿ ಇಟ್ಟರೆ ಭಯವಿಲ್ಲ?”

ಹೀಗೆ ಕೇಳಿದವನು ಚನ್ನವೀರಯ್ಯ. ತಾಲ್ಲೂಕು ಕಚೇರಿಯಲ್ಲಿ ಜಮೀನು ಅಳೆಯುವ ಮೋಜಣಿದಾರನಾಗಿದ್ದ ಅವನು ಮುಂದಿನ ತಿಂಗಳು ನಿವೃತ್ತನಾಗುವವನಿದ್ದ. ಮ್ಯೂಚುವಲ್ ಫಂಡುಗಳ ವಿಷಯವನ್ನು ಬಹಳ ದಿನ ಓದಿ, ನಾಲ್ಕು ಜನರನ್ನು ವಿಚಾರಿಸಿ, ಎಲ್ಲಕ್ಕಿಂತ ಕಡಿಮೆ ಏರಿಳಿತದ ಒಂದನ್ನು ಆರಿಸಿಕೊಂಡೇ ಮಠಕ್ಕೆ ಬಂದಿದ್ದ. ಗುರುಗಳ ಬಾಯಿಂದ ಸರಿ ಎಂಬ ಮಾತು ಬಂದರೆ ಅವನಿಗೆ ಸಾಕಿತ್ತು. ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕುಳಿತುಕೊಳ್ಳಲು ಹೇಳಿ ಈ ಕತೆಯನ್ನು ಹೇಳಿದರು.

ಒಬ್ಬ ನೀರುಗಂಟಿ ಇದ್ದ. ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಅವನ ತಂದೆ ಮಾಡಿದ್ದೂ ಅದೇ ಕೆಲಸ.

ಆ ಕೆರೆಗೆ ಒಂದು ಕಟ್ಟಳೆ ಇತ್ತು. ತೂಬಿನ ಪಕ್ಕದಲ್ಲಿ ನೆಟ್ಟ ಕಲ್ಲಿನ ಮೇಲೆ ಒಂದು ಗೆರೆ. ನೀರು ಆ ಗೆರೆಗೆ ಇಳಿದ ಮೇಲೆ ಗದ್ದೆಗೆ ಬಿಡುವಂತಿಲ್ಲ. ಉಳಿದ ನೀರು ಬೇಸಿಗೆಯ ದನಕರುಗಳಿಗೆ, ಮುಂದಿನ ಬೆಳೆಯ ಸಸಿಮಡಿಗೆ. ಆ ನೀರನ್ನು ಯಾವ ದಿನ ಬಿಡಬೇಕೆಂಬುದನ್ನು ಊರಿನವರು ಕೆರೆಯ ಏರಿಯ ಮೇಲೆ ಕೂತು ತೀರ್ಮಾನಿಸುತ್ತಿದ್ದರು. ಅವರು ಹೇಳಿದ ದಿನ ನೀರುಗಂಟಿ ತೂಬು ತೆರೆಯುತ್ತಿದ್ದ. ಅವರು ಹೇಳುವವರೆಗೆ ಕಾಯುತ್ತಿದ್ದ. ಕೆಲವರು ಬೇಡಿದರು, ಕೆಲವರು ಬೈದರು. ಅವನು ಬಿಡಲಿಲ್ಲ. ತನ್ನದೇ ಗದ್ದೆ ಒಣಗಿದ ವರ್ಷವೂ ಬಿಡಲಿಲ್ಲ. ಊರಿಗೆ ಅವನ ಮೇಲೆ ನಂಬಿಕೆ ಇತ್ತು.

ಅವನಿಗೆ ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ. ಹೊರಗೆ ಅವನದು ಮಾತು ಕಡಿಮೆ. ಸಂಜೆ ಮನೆಗೆ ಬಂದ ಮೇಲೆ, ಅವಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವಾಗ, ಅಂದು ಕಂಡದ್ದನ್ನೆಲ್ಲ ಹೇಳುತ್ತಿದ್ದ. ಯಾರ ಬದು ಒಡೆಯಿತು, ಯಾರು ಯಾರ ಪಾಲಿನ ನೀರು ತಿರುಗಿಸಿಕೊಂಡರು, ಏರಿಯ ಮೇಲೆ ಯಾವ ಹಕ್ಕಿ ಬಂದು ಕೂತಿತ್ತು. ಅವಳು ನಡುವೆ ಒಂದು ಮಾತು ಹಾಕಿ ಅವನನ್ನು ನಗಿಸುತ್ತಿದ್ದಳು. ಆ ಮನೆಯಲ್ಲಿದ್ದ ಸುಖ ಇಷ್ಟೇ. ಇಬ್ಬರಿಗೂ ಅದು ಸಾಕಾಗಿತ್ತು.

ಮುಂದೆ ಕೆರೆ ನೀರಾವರಿ ಇಲಾಖೆಗೆ ಸೇರಿತು. ನೀರುಗಂಟಿಯೂ ಇಲಾಖೆಯ ನೌಕರನಾದ. ವಯಸ್ಸಾಗಿ ಕೆಲಸ ಬಿಟ್ಟಾಗ ಒಂದು ಮೊತ್ತ ಕೈಗೆ ಬಂತು. ಊಟ, ಬಟ್ಟೆ ಪಿಂಚಣಿಯಲ್ಲಿ ನಡೆಯುತ್ತಿತ್ತು. ಈ ಹಣವನ್ನು ಅವನು ಮುಪ್ಪಿಗೆಂದು ತೆಗೆದಿಟ್ಟ.

ಪೇಟೆಯ ಏಜೆಂಟ್ ಒಬ್ಬ ಅವನಿಗೆ ಫಂಡುಗಳ ವಿಷಯ ತಿಳಿಸಿಕೊಟ್ಟ. ಕೆಲವು ಬೇಗ ಬೆಳೆಯುತ್ತವೆ, ಹಾಗೆಯೇ ಬೀಳುತ್ತವೆ. ಒಂದು ಫಂಡ್ ಮಾತ್ರ ಹಣದ ಮುಕ್ಕಾಲು ಪಾಲನ್ನು ಸಾಲಪತ್ರಗಳಲ್ಲಿ ಇಟ್ಟು, ಕಾಲು ಪಾಲನ್ನು ಷೇರುಗಳಲ್ಲಿ ತೊಡಗಿಸುತ್ತದೆ. ಬೆಳೆಯುವುದು ನಿಧಾನ, ಬಿದ್ದರೂ ಬೀಳುವುದು ಸ್ವಲ್ಪ. ನೀರುಗಂಟಿ ಅದನ್ನು ಮತ್ತೊಮ್ಮೆ ಹೇಳಿಸಿ, ತಿಳಿದುಕೊಂಡು, ಅದನ್ನೇ ಆರಿಸಿದ. ನಿಮ್ಮಂಥ ಗಿರಾಕಿಗಳೇ ಬಂದಿದ್ದರೆ ನನ್ನ ತಲೆಯ ಮೇಲೆ ಇನ್ನೂ ಕೂದಲಿರುತ್ತಿತ್ತು ಎಂದು ಏಜೆಂಟ್ ನಕ್ಕ.

ಸ್ವಲ್ಪ ಕಾಲಕ್ಕೆ ಷೇರುಪೇಟೆ ಕುಸಿಯಿತು. ಆಸೆಪಟ್ಟು ಎಲ್ಲವನ್ನೂ ಷೇರಿಗೆ ಹಾಕಿದ್ದ ನೆರೆಯವರು ಊಟ ಬಿಟ್ಟರು. ನೀರುಗಂಟಿಯ ಹಣ ಸ್ವಲ್ಪ ಇಳಿಯಿತು, ಅಷ್ಟೇ. ಅಂದಿನಿಂದ ಜನ ಅವನ ಜಗಲಿಗೆ ಬಂದು ಸಲಹೆ ಕೇಳತೊಡಗಿದರು. ಕೆರೆ ಕಾದವನಿಗೆ ಹಣ ಕಾಯುವುದು ಹೇಳಿಕೊಡಬೇಕೇ ಎಂದರು.

ಅದೇ ವರ್ಷ ಅವನ ಹೆಂಡತಿಗೆ ಕಿವಿ ಮಂದವಾಯಿತು. ಮೊದಲು ಅವಳು ಅದನ್ನು ತಮಾಷೆ ಮಾಡಿದಳು. ನೀವು ಬೈದರೂ ಹೊಗಳಿದರೂ ನನಗಿನ್ನು ಒಂದೇ, ಲಾಭ ನನಗೇ ಎಂದಳು. ಪೇಟೆಯ ವೈದ್ಯರು ಪರೀಕ್ಷೆ ಮಾಡಿ, ಎರಡು ಕಿವಿಗೂ ಯಂತ್ರ ಹಾಕಿಸಬೇಕು, ತಡಮಾಡಬೇಡಿ ಎಂದರು. ಅದಕ್ಕೆ ಬೇಕಾದದ್ದು ಫಂಡಿನಲ್ಲಿದ್ದ ಹಣದ ಒಂದು ಸಣ್ಣ ಪಾಲು.

ನೀರುಗಂಟಿ ಲೆಕ್ಕ ಹಾಕಿದ. ಷೇರುಪೇಟೆ ಇಳಿದಿದೆ. ಈಗ ತೆಗೆದರೆ ನಷ್ಟ. ಏರಲಿ, ಆಮೇಲೆ ತೆಗೆಯೋಣ ಎಂದ. ಆ ಮಾತು ಸರಿಯಾಗಿತ್ತು. ಅವಳು ಒಪ್ಪಿದಳು.

ಮರುವರ್ಷ ಷೇರುಪೇಟೆ ಏರಿತು. ಏರುತ್ತಿರುವಾಗ ಕೈಹಾಕುವುದು ಜಾಣತನವಲ್ಲ, ಇನ್ನೊಂದು ವರ್ಷ ಬಿಟ್ಟರೆ ಯಂತ್ರದ ಖರ್ಚು ಗಳಿಕೆಯಲ್ಲೇ ಹುಟ್ಟುತ್ತದೆ, ಅಸಲು ಮುಟ್ಟಬೇಕಾಗಿಲ್ಲ ಎಂದ. ಅದೂ ಸರಿಯಾಗಿತ್ತು. ಆಮೇಲಿನ ವರ್ಷ ಬಡ್ಡಿ ದರ ಬದಲಾಯಿತು. ಅದಕ್ಕೂ ಅವನಲ್ಲಿ ಒಂದು ಸರಿಯಾದ ಕಾರಣವಿತ್ತು. ಏಜೆಂಟನನ್ನು ಕೇಳಿದ. ಬಿಟ್ಟಷ್ಟೂ ಒಳ್ಳೆಯದೇ ಎಂದು ಏಜೆಂಟ್ ಹೇಳಿದ. ಯಂತ್ರದ ವಿಷಯವನ್ನು ಅವನು ಏಜೆಂಟನಿಗೆ ಹೇಳಿರಲಿಲ್ಲ.

ಬದುಕಿನುದ್ದಕ್ಕೂ ಅವನು ಕಾದಿದ್ದ. ಯಾವಾಗ ತೆರೆಯಬೇಕೆಂದು ತೀರ್ಮಾನಿಸಿದವರು ಯಾವಾಗಲೂ ಬೇರೆಯವರು. ಈ ಹಣಕ್ಕಾಗಿ ಏರಿಯ ಮೇಲೆ ಯಾವ ಊರೂ ಕೂರಲಿಲ್ಲ. ಕೇಳಬೇಕಾದವಳು ಅವಳೊಬ್ಬಳೇ. ಅವಳು ಒಂದೇ ಒಂದು ಸಲ ಕೇಳಿದಳು.

“ಏನ್ರೀ, ಆ ಹಣ ಯಾವುದಕ್ಕೆ ಇಟ್ಟದ್ದು?”

“ಮುಪ್ಪಿಗೆ” ಎಂದು ಅವನು ಅವಳ ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಹೇಳಿದ.

“ಅದು ಬರುವ ದಿನ ನನಗೂ ಒಂದು ಮಾತು ತಿಳಿಸಿ.”

ಅವನು ನಕ್ಕ. ಅವಳು ಎಂದಿನಂತೆ ತಮಾಷೆ ಮಾಡಿದಳು ಎಂದುಕೊಂಡ. ಅವಳು ಮತ್ತೆ ಕೇಳಲಿಲ್ಲ.

ಮನೆಯಲ್ಲಿ ಮಾತು ಕಡಿಮೆಯಾಯಿತು. ಮೊದಲು ಅವನು ದನಿ ಎತ್ತಿ ಹೇಳುತ್ತಿದ್ದ. ದನಿ ಎತ್ತಿ ಹೇಳಿದರೆ ಹಕ್ಕಿಯ ವಿಷಯವೂ ಜಗಳದಂತೆ ಕೇಳಿಸುತ್ತಿತ್ತು. ಆಮೇಲೆ ಬೇಕಾದದ್ದನ್ನು ಮಾತ್ರ ಹೇಳಿದ. ಆಮೇಲೆ ಕೈಸನ್ನೆ ಸಾಕಾಯಿತು, ನೀರಿಗೆ ಒಂದು, ಊಟಕ್ಕೆ ಒಂದು. ಉಳಿದ ಮಾತನ್ನು ಜಗಲಿಗೆ ಬಂದವರ ಹತ್ತಿರ ಆಡಿ ಮುಗಿಸುತ್ತಿದ್ದ. ಅವಳು ಒಳಗೆ ಒಬ್ಬಳೇ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಹೀಗೆ ವರ್ಷಗಳು ಕಳೆದವು. ಈ ನಡುವೆ ಹಣ ನಿಧಾನವಾಗಿ ಬೆಳೆಯುತ್ತಿತ್ತು.

ಒಂದು ಬೆಳಿಗ್ಗೆ ಅವನು ಬಚ್ಚಲಲ್ಲಿ ಕಾಲು ಜಾರಿ ಬಿದ್ದ. ಎದ್ದೇಳಲಾಗಲಿಲ್ಲ. ತೆರೆದ ಬಾಗಿಲಿನಿಂದ ಅಡುಗೆಮನೆಯಲ್ಲಿದ್ದ ಅವಳ ಬೆನ್ನು ಕಾಣುತ್ತಿತ್ತು. ಕೂಗಿದ. ಅವಳು ತಿರುಗಲಿಲ್ಲ. ಮದುವೆಯಾದಂದಿನಿಂದ ಅವಳನ್ನು ಹೆಸರು ಹಿಡಿದು ಕರೆಯದವನು ಅಂದು ಹೆಸರು ಹಿಡಿದು ಕೂಗಿದ. ಪಕ್ಕದ ಮನೆಯವರಿಗೆ ಕೇಳಿಸಿತು. ಅವರು ಓಡಿ ಬಂದು ಎತ್ತಿದರು. ಅವರನ್ನು ಕಂಡು ಗಾಬರಿಯಾಗಿ ತಿರುಗಿದವಳ ಮುಖವನ್ನು ಅವನು ನೋಡಿದ.

ಸೊಂಟದ ನೋವು ಇಳಿದ ವಾರವೇ ಅವನು ಹಣ ತೆಗೆಸಿದ. ಅಂದು ಪೇಟೆ ಏರಿದೆಯೋ ಇಳಿದಿದೆಯೋ ಎಂದು ಕೇಳಲಿಲ್ಲ. ಇದ್ದ ಯಂತ್ರಗಳಲ್ಲಿ ಒಳ್ಳೆಯದನ್ನೇ ಕೊಂಡ.

ವೈದ್ಯರು ಯಂತ್ರವನ್ನು ಅವಳ ಕಿವಿಗೆ ಕೂರಿಸಿದರು. ಅವಳು ಬೆಚ್ಚಿದಳು. ತಲೆಯ ಮೇಲೆ ತಿರುಗುವ ಫ್ಯಾನನ್ನು ನೋಡಿದಳು. ಕೈ ಆಡಿಸಿ ತನ್ನ ಬಳೆಯ ಸದ್ದನ್ನು ಕೇಳಿ ಚಿಕ್ಕ ಹುಡುಗಿಯಂತೆ ನಕ್ಕಳು. ನೀರುಗಂಟಿ ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಎತ್ತರಿಸದ ದನಿಯಲ್ಲಿ, ಎಷ್ಟೋ ವರ್ಷಗಳಿಂದ ಹೇಳದೆ ಉಳಿದದ್ದನ್ನೆಲ್ಲ ಹೇಳತೊಡಗಿದ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವನ ಮೊಣಕೈ ಮುಟ್ಟಿ ನಿಲ್ಲಿಸಿದಳು.

“ನಿಮ್ಮ ದನಿ ಚೆನ್ನಾಗಿ ಕೇಳಿಸುತ್ತಿದೆ. ಏನು ಹೇಳುತ್ತಿದ್ದೀರಿ ಅನ್ನುವುದು ಗೊತ್ತಾಗುತ್ತಿಲ್ಲ.”

ವೈದ್ಯರು ಅವನನ್ನು ಹೊರಗೆ ಕರೆದು ತಿಳಿಸಿದರು. ಬಹಳ ವರ್ಷ ಮಾತು ಕೇಳದಿದ್ದವರಿಗೆ ಸದ್ದನ್ನು ಮಾತಾಗಿ ಬಿಡಿಸಿಕೊಳ್ಳುವ ರೂಢಿ ತಪ್ಪಿಹೋಗುತ್ತದೆ. ಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ. ಆ ರೂಢಿಯನ್ನು ಮರಳಿ ಕೊಡಲಾರದು. ದಿನವೂ ಮಾತಾಡುತ್ತಿರಿ, ಸ್ವಲ್ಪ ಬಂದರೂ ಬರಬಹುದು ಎಂದರು. ಆಗಲೇ ಬಂದಿದ್ದರೆ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ನೀರುಗಂಟಿ ಜಗಲಿಯಲ್ಲಿ ಕೂರುವುದನ್ನು ಬಿಟ್ಟ. ದಿನವೂ ಸಂಜೆ ಅವಳ ಮೊರದ ಪಕ್ಕದಲ್ಲಿ ಕೂತು ಮಾತಾಡಿದ. ಅವಳು ತಲೆಯಾಡಿಸುತ್ತಿದ್ದಳು, ನಗುತ್ತಿದ್ದಳು. ಎಷ್ಟು ಮಾತು ತಲುಪಿತು, ಎಷ್ಟಕ್ಕೆ ಅವನ ಮನಸ್ಸು ನೋಯದಿರಲೆಂದು ತಲೆಯಾಡಿಸಿದಳು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಅವನು ಅವಳ ಕೈ ಹಿಡಿದುಕೊಂಡು, ನಿನ್ನನ್ನು ಬಹಳ ಕಾಯಿಸಿದೆ, ನನ್ನಿಂದ ತಪ್ಪಾಯಿತು ಎಂದ. ಅವಳು ತಲೆಯಾಡಿಸಿ ನಕ್ಕಳು. ಹಿಂದಿನ ದಿನ ಸಂತೆಯಲ್ಲಿನ ಅವರೆಕಾಯಿಯ ಬೆಲೆ ಹೇಳಿದಾಗಲೂ ಅವಳು ಹಾಗೆಯೇ ತಲೆಯಾಡಿಸಿ ನಕ್ಕಿದ್ದಳು.

ಆ ವರ್ಷದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಫಂಡಿನಲ್ಲಿ ಉಳಿದಿದ್ದ ಹಣ ಆಗಲೂ ನಿಧಾನವಾಗಿ, ಹೆಚ್ಚು ಏರಿಳಿತವಿಲ್ಲದೆ ಬೆಳೆಯುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಹಾಗಾದರೆ ನೀರುಗಂಟಿ ಆರಿಸಿದ ಫಂಡೇ ತಪ್ಪಾಗಿತ್ತೇ ಬುದ್ಧಿ, ಎಂದು ಚನ್ನವೀರಯ್ಯ ಮೆಲ್ಲಗೆ ಕೇಳಿದ.

ಗುರುಗಳು ಹೇಳಿದರು: “ಇಲ್ಲ, ಫಂಡೂ ಸರಿಯಾಗಿತ್ತು, ಅವನು ಕಾಯಲು ಕೊಟ್ಟ ಒಂದೊಂದು ಕಾರಣವೂ ಸರಿಯಾಗಿತ್ತು, ಅದಕ್ಕೇ ಯಾರೂ ಅವನನ್ನು ತಡೆಯಲಿಲ್ಲ.”