ದಿನಕ್ಕೆ ನಾಲ್ಕು ಸೆಕೆಂಡು

"ಬುದ್ಧಿ, ಒಂದೇ ತಪ್ಪನ್ನು ದಿನಾ ಮಾಡುವವನು ಯಾವತ್ತಾದರೂ ಸರಿಹೋಗುತ್ತಾನಾ?"

ಕೇಳಿದವನು ಮಠದ ದಾಸೋಹದಲ್ಲಿ ಬಡಿಸುವ ಶಿಷ್ಯ ಚನ್ನವೀರ. ಅವನಿಗೆ ಮುಂಗೋಪ. ಪ್ರತಿ ಅಮಾವಾಸ್ಯೆಯೂ ಉಪವಾಸವಿದ್ದು, ಇನ್ನು ಯಾರ ಮೇಲೂ ರೇಗುವುದಿಲ್ಲ ಎಂದು ಆಣೆ ಇಡುತ್ತಿದ್ದ. ಅವತ್ತು ಮಧ್ಯಾಹ್ನ ಇನ್ನೊಂದು ಸೌಟು ಸಾರು ಕೇಳಿದ ಮುದುಕಿಯನ್ನು ಗದರಿಬಿಟ್ಟಿದ್ದ. ಆಕೆ ಉಣ್ಣದೆ ಎಲೆ ಬಿಟ್ಟು ಎದ್ದು ಹೋಗಿದ್ದಳು. ತಾನು ಮಠಕ್ಕೆ ತಕ್ಕವನಲ್ಲ ಎಂದು ಈಗ ಚೀಲ ಹೆಗಲಿಗೇರಿಸಿ ಊರಿಗೆ ಹೊರಟು ನಿಂತಿದ್ದ.

"ಬಸ್ಸಿಗೆ ಇನ್ನೂ ಹೊತ್ತಿದೆ, ಕೂತುಕೊಳ್ಳೋ ಮರಿ," ಎಂದರು ಗುರುಗಳು. "ಆ ಚೀಲವನ್ನು ಕೆಳಗಿಡು, ಯಾರೂ ಕದಿಯುವುದಿಲ್ಲ. ಒಂದು ಕತೆ ಹೇಳುತ್ತೇನೆ."

ಒಂದೂರಿನ ಕೆರೆಯ ಕೆಳಗೆ ಎಂಟು ಜನ ರೈತರಿದ್ದರು. ಎಂಟು ಕಾಲುವೆ. ಒಬ್ಬೊಬ್ಬರಿಗೆ ಒಂದೊಂದು ದಿನದ ನೀರು, ಬೆಳಗಿನ ಆರರಿಂದ ಮರುದಿನದ ಆರರವರೆಗೆ. ಸರದಿ ನೋಡಿ ನೀರು ಬಿಡಲು ಒಬ್ಬ ನೀರಗಂಟಿ. ವಯಸ್ಸಾಯಿತು, ತೂಬು ಎತ್ತಲು ರಟ್ಟೆಯಲ್ಲಿ ಕಸುವಿಲ್ಲ. ಊರವರು ಮೋಟಾರು ಹಾಕಿಸಿ ಅದಕ್ಕೊಂದು ಕಂಪ್ಯೂಟರು ಕೂರಿಸಿದರು. ಅದರ ಗಡಿಯಾರದಲ್ಲಿ ಆರು ಆದೊಡನೆ ಹಳೆಯ ಕಾಲುವೆ ಮುಚ್ಚಿ ಮುಂದಿನದು ತೆರೆಯುತ್ತಿತ್ತು. ಗಡಿಯಾರ ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದಷ್ಟೇ ನೀರಗಂಟಿಯ ಕೆಲಸ.

ತಿಂಗಳು ಕಳೆಯಿತು. ಅಮಾವಾಸ್ಯೆಯ ಬೆಳಗ್ಗೆ ನೀರಗಂಟಿ ರೇಡಿಯೊ ಹಿಡಿದು ಹೋದ. ರೇಡಿಯೊದಲ್ಲಿ ಆರು ಗಂಟೆ. ಕಂಪ್ಯೂಟರಿನಲ್ಲಿ ಆಗಲೇ ಆರು ದಾಟಿ ಎರಡು ನಿಮಿಷ. "ಅಯ್ಯೋ, ಓಡುತ್ತಿದೆಯಲ್ಲಾ ಇದು!" ಎಂದು ಮುಳ್ಳನ್ನು ತಿರುಗಿಸಿದಂತೆ ಒಂದೇ ಏಟಿಗೆ ಆರಕ್ಕೆ ತಂದು ನಿಲ್ಲಿಸಿದ. ಸಮಾಧಾನವಾಗಿ ಮನೆಗೆ ಹೋಗಿ ರೊಟ್ಟಿ ತಿಂದ.

ಪಾಪ, ಅವನಿಗೇನು ಗೊತ್ತು? ಕಂಪ್ಯೂಟರಿಗೆ ಅವತ್ತು ಎರಡು ಸಲ ಆರು ಗಂಟೆಯಾಯಿತು. ಮೊದಲನೇ ಆರಕ್ಕೆ ಒಬ್ಬ ವಿಧವೆಯ ಕಾಲುವೆ ತೆರೆಯಿತು. ಎರಡನೇ ಆರಕ್ಕೆ ಮುಚ್ಚಿತು. ಇಡೀ ದಿನದ ನೀರು ಎರಡೇ ನಿಮಿಷಕ್ಕೆ ಮುಗಿಯಿತು. ಎಂಟು ಗಂಟೆಗೆ ಆಕೆ ಬಂದು ನೋಡಿದರೆ ನೀರು ಪಕ್ಕದವನ ಗದ್ದೆಯಲ್ಲಿ. ಅವನು ಬಿಡುವನೇ? "ಯಂತ್ರ ಕೊಟ್ಟಿದೆ, ನಾನೇನು ಕದ್ದೆನಾ?" ಎಂದ. ಆಕೆಯ ಭತ್ತದ ಸಸಿಮಡಿ ನೀರಿಗೆ ಬಾಯಿ ಬಿಡುತ್ತಿತ್ತು. ಇನ್ನು ಏಳು ದಿನ ಕಾಯಬೇಕು.

ಊರು ಸೇರಿತು. ಕಂಪ್ಯೂಟರನ್ನೂ ಕಿತ್ತು ಹಾಕಿ, ಮುದುಕನನ್ನೂ ಬಿಡಿಸಿ ಎಂದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಜನ ಎಲ್ಲಾ ಊರಲ್ಲೂ ಇರುತ್ತಾರೆ. ನೀರಗಂಟಿ ತಲೆ ತಗ್ಗಿಸಿ ನಿಂತಿದ್ದ.

ವಿಧವೆ ಅವನನ್ನು ಕೇಳಿದಳು: "ಅಣ್ಣಾ, ಅದು ತಪ್ಪುತ್ತದೆ, ಸರಿ. ದಿನಕ್ಕೆ ಎಷ್ಟು ತಪ್ಪುತ್ತದೆ?"

"ಗೊತ್ತಿಲ್ಲ ಕಣವ್ವಾ."

"ಹಾಗಾದರೆ ನೋಡು. ನನ್ನ ಸರದಿ ಬರುವವರೆಗೆ ನಾನು ಬಾವಿ ನೀರು ಹೊತ್ತು ಸಸಿ ಉಳಿಸಿಕೊಳ್ಳುತ್ತೇನೆ. ಅವತ್ತೂ ತಪ್ಪಿದರೆ ನಾನೇ ಕಿತ್ತು ಕೆರೆಗೆ ಎಸೆಯುತ್ತೇನೆ."

ಆಕೆ ಬಿಂದಿಗೆ ಹೊತ್ತಳು. ಇವನು ದಿನಾ ಬೆಳಗ್ಗೆ ರೇಡಿಯೊ ಹಿಡಿದು ಕೂತ. ಮೊದಲ ದಿನ ಗಡಿಯಾರ ನಾಲ್ಕು ಸೆಕೆಂಡು ಮುಂದೆ. ತೂಬಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ. ಎರಡನೇ ದಿನ ಎಂಟು. ಮೂರನೇ ದಿನ ಹನ್ನೆರಡು. ಆರನೇ ದಿನ ಇಪ್ಪತ್ನಾಲ್ಕು. ಮುದುಕ ಗೋಡೆ ನೋಡಿ ಗಟ್ಟಿಯಾಗಿ ನಕ್ಕ. "ಎಲಾ ಇದರ! ಇದು ಮಾಡುವುದು ಒಂದೇ ತಪ್ಪು!"

ಪೇಟೆಗೆ ಓಡಿ ರಿಪೇರಿಯವನನ್ನು ಕರೆತಂದ. ರಿಪೇರಿಯವನು ಹೇಳಿದ: "ಒಳಗೆ ಅಕ್ಕಿಕಾಳಿನಷ್ಟು ಒಂದು ಹರಳಿದೆ ತಾತಾ. ಅದು ಅದುರುವುದನ್ನು ಎಣಿಸಿ ಕಂಪ್ಯೂಟರು ಗಂಟೆ ಹೇಳುತ್ತದೆ. ಚೂರೂ ತಪ್ಪದ ಹರಳನ್ನು ನಾನಂತೂ ಕಂಡಿಲ್ಲ. ಒಂದು ದಿನ ಮುಂದೆ, ಒಂದು ದಿನ ಹಿಂದೆ ಹೋಗುವುದಾದರೆ ಕಷ್ಟ. ನಿಮ್ಮದು ದಿನಾ ನಾಲ್ಕೇ. ಇದು ಬಂಗಾರ. ಆದರೆ ತಿಂಗಳಿಗೊಮ್ಮೆ ಹಿಡಿದು ಜಗ್ಗಬೇಡಿ."

ಅವನು ಪ್ರತಿ ಸೆಕೆಂಡನ್ನೂ ಒಂದು ಕೂದಲೆಳೆಯಷ್ಟು ಉದ್ದ ಮಾಡಿದ. ಮುಂದೆ ಹೋಗಿದ್ದ ಇಪ್ಪತ್ನಾಲ್ಕನ್ನೂ ಆ ಹಗಲು ರಾತ್ರಿಯಲ್ಲಿ ಚೂರು ಚೂರಾಗಿ ಕಳೆಯುವಂತೆ ಕಂಪ್ಯೂಟರಿಗೆ ಹೇಳಿಕೊಟ್ಟ.

ಏಳನೇ ದಿನ ಊರೆಲ್ಲ ತೂಬಿನ ಹತ್ತಿರ ನಿಂತಿತ್ತು. ರೇಡಿಯೊದಲ್ಲಿ ಆರು ಹೊಡೆಯಿತು, ವಿಧವೆಯ ಕಾಲುವೆ ತೆರೆಯಿತು. ಮರುದಿನ ಆರರವರೆಗೂ ತೆರೆದೇ ಇತ್ತು. ಅರ್ಧ ಮಡಿ ಒಣಗಿತ್ತು ನಿಜ, ಉಳಿದರ್ಧ ತಲೆಯೆತ್ತಿತು. ಆಕೆ ಖುಷಿ ತಡೆಯಲಾಗದೆ ಕಾಲುವೆಗಿಳಿದು ಮುಖ ತೊಳೆದುಕೊಂಡಳು. ನೀರಗಂಟಿ ಮಾತ್ರ ಮರುದಿನವೂ ರೇಡಿಯೊ ಹಿಡಿದು ಬಂದ. ಬೇಸಿಗೆಯ ಕಾವಿಗೆ ಹರಳಿನ ನಡೆ ಮತ್ತೆ ಕೊಂಚ ಬದಲಾಯಿತು. ಅದನ್ನೂ ಗೋಡೆಗೆ ಬರೆದ.

ಗುರುಗಳು ಕತೆ ನಿಲ್ಲಿಸಿದರು. "ನಿನಗೆ ಸಿಟ್ಟು ಬರುವುದು ಯಾವಾಗಲೋ?"

ಚನ್ನವೀರ ಯೋಚಿಸಿದ. "ಮೂರನೇ ಪಂಕ್ತಿಗೆ ಬಡಿಸುವಾಗ ಬುದ್ಧಿ. ಹಸಿವು, ಬೆನ್ನುನೋವು, ಸಾರೂ ತಳ ಸೇರಿರುತ್ತದೆ."

"ದಿನಾ?"

"ದಿನಾ ಅದೇ ಹೊತ್ತಿಗೆ."

"ಹಾಗಾದರೆ ನಾಳೆಯಿಂದ ಎರಡನೇ ಪಂಕ್ತಿ ಏಳುವಾಗಲೇ ಸೌಟು ಕೆಳಗಿಟ್ಟು ಒಂದು ತುತ್ತು ಉಂಡು ಬಾ."